ಬರೆದ ಹೋಂವರ್ಕ್ ಬ್ಯಾಗಿನಲ್ಲೇ ಉಳಿಯುತ್ತದೆ

ಪ್ರಶ್ನೆ: ನನ್ನ ಮಗನಿಗೆ 12 ವರ್ಷ, ಏಳನೇ ಕ್ಲಾಸ್. ಕೇಳಿದರೆ ಪಾಠವೆಲ್ಲ ಬಾಯಲ್ಲಿ ಹೇಳುತ್ತಾನೆ. ಆದರೆ ಡೈರಿ ಖಾಲಿ, ಜಾಮೆಟ್ರಿ ಬಾಕ್ಸ್ ಆಗಾಗ ಕಳೆಯುತ್ತಾನೆ. ಹೋಂವರ್ಕ್ ಬರೆದಿದ್ದರೂ ಟೀಚರ್‌ಗೆ ಕೊಡುವುದಿಲ್ಲ. ರಾತ್ರಿ ನಾನು ಪಕ್ಕದಲ್ಲಿ ಕೂತರೆ ಮಾತ್ರ ಕೆಲಸ ಆಗುತ್ತದೆ. ‘ಎಕ್ಸಿಕ್ಯೂಟಿವ್ ಫಂಕ್ಷನ್ ತೊಂದರೆ ಇರಬಹುದು, ಡಾಕ್ಟರಿಗೆ ತೋರಿಸಿ’ ಎಂದು ಸ್ಕೂಲಿನ ಕೌನ್ಸೆಲರ್ ಹೇಳಿದರು. ‘ಸೋಮಾರಿತನಕ್ಕೆ ಇಂಗ್ಲಿಷ್ ಹೆಸರು, ನೀನೇ ಹಾಳು ಮಾಡಿದ್ದು’ ಎನ್ನುತ್ತಾರೆ ನಮ್ಮ ಯಜಮಾನರು. ಎಂಟನೇ ಕ್ಲಾಸಿಗೆ ಹಾಸ್ಟೆಲ್‌ಗೆ ಹಾಕಲು ಹೊರಟಿದ್ದಾರೆ. ನಾನು ಕೂರುವುದನ್ನು ಬಿಟ್ಟುಬಿಡಲಾ?
– ಹೆಸರು ಬೇಡ, ಹಾಸನ

ಉತ್ತರ: ಬಿಡಬೇಡಿ. ಸದ್ಯಕ್ಕೆ ಹಾಸ್ಟೆಲ್ ಕೂಡ ಬೇಡ.

ಬರೆದೂ ಕೊಡುವುದಿಲ್ಲ ಎಂದಿದ್ದೀರಲ್ಲ, ನನ್ನ ಕಣ್ಣು ಅಲ್ಲೇ ನಿಂತಿತು. ಸೋಮಾರಿಯಾದವನು ಬರೆಯುವ ಕಷ್ಟವನ್ನೇ ತಪ್ಪಿಸಿಕೊಳ್ಳುತ್ತಾನೆ. ಕಷ್ಟವೆಲ್ಲ ಪಟ್ಟು, ಪುಸ್ತಕ ಎತ್ತಿ ಕೊಡದೆ ಬೈಸಿಕೊಳ್ಳುವುದರಿಂದ ಅವನಿಗೇನು ಲಾಭ?

ಕೆಲಸ ಶುರು ಮಾಡುವುದು, ಹೇಳಿದ್ದನ್ನು ತಲೆಯಲ್ಲಿ ಇಟ್ಟುಕೊಳ್ಳುವುದು, ಎಷ್ಟು ಹೊತ್ತು ಬೇಕೆಂದು ಅಂದಾಜು ಮಾಡುವುದು, ಕೌನ್ಸೆಲರ್ ಹೇಳಿದ ಎಕ್ಸಿಕ್ಯೂಟಿವ್ ಫಂಕ್ಷನ್ ಎಂದರೆ ಇಂಥವೇ. ಇವನ್ನೆಲ್ಲ ಹೆಚ್ಚಾಗಿ ನೋಡಿಕೊಳ್ಳುವುದು ಮಿದುಳಿನ ಮುಂಭಾಗ. ಅದು ಪೂರ್ತಿ ಬಲಿಯಲು ಎಲ್ಲರಿಗೂ ಇಪ್ಪತ್ತು ವರ್ಷ ದಾಟುತ್ತದೆ. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಚಡಪಡಿಸುವ ತೊಂದರೆ ಇರುವ ಮಕ್ಕಳಲ್ಲಿ ಇನ್ನೂ ನಿಧಾನ. 2007ರಲ್ಲಿ ಅಮೆರಿಕದ ಸಂಶೋಧಕರು ಸ್ಕ್ಯಾನ್ ಮಾಡಿ ನೋಡಿದಾಗ, ಅಂಥ ಮಕ್ಕಳ ಮಿದುಳಿನ ಹೊರಪದರ ಬೆಳೆಯುವ ಕ್ರಮ ಬೇರೆ ಮಕ್ಕಳಂತೆಯೇ ಇತ್ತು, ಸುಮಾರು ಮೂರು ವರ್ಷ ತಡವಾಗಿತ್ತು ಅಷ್ಟೇ. ನಿಮ್ಮ ಮಗನಿಗೆ ಎಡಿಎಚ್‌ಡಿ ಇದೆ ಎಂದು ನಾನು ಹೇಳುತ್ತಿಲ್ಲ. ಅದನ್ನು ಪರೀಕ್ಷಿಸಿದವರೇ ಹೇಳಬೇಕು. ಆದರೆ ಪಾಠದಲ್ಲಿ ಅವನನ್ನು 12ರ ಹುಡುಗನಂತೆ, ಬ್ಯಾಗು ಡೈರಿ ವಿಷಯದಲ್ಲಿ 9ರ ಹುಡುಗನಂತೆ ನೋಡಿ. ನಿಮ್ಮ ಅರ್ಧ ಸಿಟ್ಟು ಇಳಿಯುತ್ತದೆ.

ಹಾಸ್ಟೆಲ್‌ನಲ್ಲಿ ಬೆಲ್ ಹೊಡೆದರೆ ಅವನೂ ಓದಲು ಕೂರುತ್ತಾನೆ, ನಿಜ. ಯಾವ ಪುಸ್ತಕ ತೆಗೆಯಲಿ, ಎಲ್ಲಿಂದ ಶುರು ಮಾಡಲಿ ಎಂಬ ಕಷ್ಟ ಬರುವುದು ಕೂತ ಮೇಲೆ. ಅಷ್ಟು ಹುಡುಗರ ಮಧ್ಯೆ ವಾರ್ಡನ್‌ಗೆ ಅದು ಕಾಣುವುದೂ ಇಲ್ಲ.

ನೀವು ಹಾಳು ಮಾಡಿಲ್ಲ. ಈಜು ಕಲಿಯುವವನ ಬೆನ್ನಿಗೆ ಕಟ್ಟಿದ ಸೋರೆಬುರುಡೆಯನ್ನು ಯಾರೂ ಮುದ್ದು ಎನ್ನುವುದಿಲ್ಲ, ಅಲ್ವಾ? ಆದರೆ ನೀವು ಕೂರುವ ರೀತಿ ಸ್ವಲ್ಪ ಬದಲಾಗಬೇಕು. ಮೊದಲ ಲೆಕ್ಕ ಇಬ್ಬರೂ ಸೇರಿ ಮಾಡಿ, ಆಮೇಲೆ ನೀವು ಎದ್ದು ಅಡುಗೆಮನೆಗೆ ಹೋಗಿ. ಹತ್ತು ನಿಮಿಷಕ್ಕೊಮ್ಮೆ ಬಂದು ನೋಡಿದರೆ ಸಾಕು. ರಾತ್ರಿ ಬ್ಯಾಗನ್ನು ಅವನೇ ತುಂಬಲಿ, ಬಾಗಿಲ ಹಿಂದೆ ಅಂಟಿಸಿದ ಪಟ್ಟಿ ನೋಡಿಕೊಂಡು. ‘ಜಾಮೆಟ್ರಿ ಬಾಕ್ಸ್ ಎಲ್ಲಿ?’ ಎನ್ನುವ ಬದಲು ‘ಪಟ್ಟಿ ನೋಡಿದೆಯಾ?’ ಎಂದು ಕೇಳಿ. ಇದು ರೂಢಿಯಾಗಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಒಂದು ವಾರ ನೋಡಿ ಕೈಬಿಡಬೇಡಿ. ಎಸ್‌ಎ ಪರೀಕ್ಷೆಯಲ್ಲಿ ಮಾರ್ಕ್ಸ್ ಬಂದರೆ ಸೈಕಲ್ ಎಂಬ ಆಸೆ ಇಂಥ ಮಕ್ಕಳಿಗೆ ತುಂಬಾ ದೂರ. ಹೋಂವರ್ಕ್ ಕೊಟ್ಟು ಬಂದ ದಿನವೇ, ಅವತ್ತೇ, ಒಂದು ಒಳ್ಳೆಯ ಮಾತು ಹೇಳಿ.

ಕ್ಲಾಸ್ ಟೀಚರ್ ಬಳಿ ಹತ್ತು ಬೇಡಿಕೆ ಇಡಬೇಡಿ. ಅವರಿಗೂ ಕ್ಲಾಸ್ ತುಂಬ ಮಕ್ಕಳಿದ್ದಾರೆ. ಬೆಳಿಗ್ಗೆ ಹೆಸರು ಹಿಡಿದು ‘ಹೋಂವರ್ಕ್ ಕೊಡು’ ಎಂದು ಕೇಳುವುದು, ಮನೆಗೆ ಬಿಡುವ ಮುಂಚೆ ಡೈರಿಯ ಮೇಲೆ ಒಮ್ಮೆ ಕಣ್ಣಾಡಿಸುವುದು, ಇವೆರಡೇ ಸಾಕು.

ಪರೀಕ್ಷೆ ಮಾಡಿಸುವುದನ್ನು ಮಾತ್ರ ಮುಂದೂಡಬೇಡಿ. ಹಾಸನದ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮನೋವೈದ್ಯ ವಿಭಾಗದಿಂದ ಶುರು ಮಾಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ವಿಭಾಗ ಇದೆ. ಓದು ಬರಹದಲ್ಲೂ ತೊಡಕು ಇದೆಯಾ ಎಂದು ನೋಡಲು ಹೇಳಿ. ಯಾಕೆಂದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಕಲಿಕೆಯ ತೊಂದರೆ ಇದೆ, ಎಡಿಎಚ್‌ಡಿ ಬೇರೆಯಾಗಿ ಇಲ್ಲ. ಕಲಿಕೆಯ ತೊಂದರೆಯ ಸರ್ಟಿಫಿಕೇಟ್ ಇರುವ ಮಕ್ಕಳಿಗೆ ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚಿನ ಸಮಯದಂಥ ರಿಯಾಯಿತಿ ಸಿಗುತ್ತದೆ. ಹತ್ತನೇ ಕ್ಲಾಸಿನಲ್ಲಿ ಅದಕ್ಕಾಗಿ ಓಡಾಡುವುದು ಬೇಡ.

ಆಸ್ಪತ್ರೆಗೆ ಯಜಮಾನರನ್ನೂ ಕರೆದುಕೊಂಡು ಹೋಗಿ. ಮನೆಗೆ ಬಂದು ನೀವು ವಿವರಿಸುವುದಕ್ಕಿಂತ, ಅವರ ಪ್ರಶ್ನೆಗಳನ್ನೆಲ್ಲ ಡಾಕ್ಟರನ್ನೇ ಕೇಳಲಿ. ಅಲ್ಲಿಯವರೆಗೆ ಮಾತಾಡಲು ಯಾರಾದರೂ ಬೇಕೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.