ಪ್ರತಿ: ತೆಂಗಿನೆಣ್ಣೆ ಗಟ್ಟಿಯಾದರೆ ಕಲಬೆರಕೆಯೇ?

ಬದಿಯಡ್ಕದ ಗಾಣದಿಂದ ತಂದ ತೆಂಗಿನೆಣ್ಣೆ ಡಿಸೆಂಬರಿನ ಬೆಳಗ್ಗೆ ಗಟ್ಟಿಯಾಗಿದೆ, ಮೇಣ ಸೇರಿಸಿದ್ದಾರೆಯೇ ಎಂದು ಕೇಳಿದ್ದೀರಿ. ಗಟ್ಟಿಯಾದ ಮಾತ್ರಕ್ಕೆ ಹಾಗೆ ಸಂಶಯಪಡಬೇಡಿ. ತೆಂಗಿನೆಣ್ಣೆಯಲ್ಲಿ ಸುಮಾರು 90 ಶೇಕಡಾ ಸ್ಯಾಚುರೇಟೆಡ್ ಕೊಬ್ಬು, ಅಂದರೆ ತಣ್ಣಗಾದಾಗ ಸುಲಭವಾಗಿ ಗಟ್ಟಿಯಾಗುವ ಬಗೆಯ ಕೊಬ್ಬು; ಅದರಲ್ಲೂ ಹೆಚ್ಚಿನ ಪಾಲು ಲಾರಿಕ್ ಆಮ್ಲ ಎಂಬ ಕೊಬ್ಬಿನಾಮ್ಲ. ಹಾಗಾಗಿ 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಹೆಪ್ಪುಗಟ್ಟುತ್ತದೆ. ಎಳ್ಳೆಣ್ಣೆ ಆ ಚಳಿಗೆ ಜಗ್ಗದು.

ಗಾಜಿನ ಲೋಟದಲ್ಲಿ ಸ್ವಲ್ಪ ಹಾಕಿ ಫ್ರಿಜ್ಜಿನಲ್ಲಿ ಎರಡು ಗಂಟೆ ಇಡಿ, ಫ್ರೀಜರ್ ಬೇಡ. ಮೇಲೆ ತೆಳು ಪದರ ಗಟ್ಟಿಯಾಗದೆ ಉಳಿದರೆ ಸೂರ್ಯಕಾಂತಿಯಂಥ ಎಣ್ಣೆ ಬೆರೆತಿರಬಹುದು. ತಾಳೆಬೀಜದ ಎಣ್ಣೆಯಾದರೆ ಮಾತ್ರ ಈ ಪರೀಕ್ಷೆಗೆ ಸಿಕ್ಕದು, ಅದೂ ಗಟ್ಟಿಯಾಗುತ್ತದೆ; ಅದಕ್ಕೆ ಲ್ಯಾಬೇ ಗತಿ.

ಕರಗಿಸಲು ಬಾಟಲಿಯನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ನಿಲ್ಲಿಸಿದರೆ ಸಾಕು. ಒದ್ದೆ ಚಮಚ ಮಾತ್ರ ಅದ್ದಲೇಬೇಡಿ, ನೀರು ಸೇರಿದ ಎಣ್ಣೆ ಬೇಗ ಕಮಟುತ್ತದೆ.