ಕ್ರೂಸ್ ಹಡಗಿನಲ್ಲಿ ಆರಾಮ ಎಷ್ಟು, ಕಿರಿಕಿರಿ ಎಷ್ಟು?

ಮಂಡ್ಯದಲ್ಲಿರುವ ನಿಮ್ಮ ಅಪ್ಪ-ಅಮ್ಮನನ್ನು ಸಿಂಗಾಪುರದಿಂದ ಹೊರಡುವ ಕ್ರೂಸಿಗೆ ಕಳಿಸಬೇಕು ಅಂತಿದ್ದೀರಿ. ಅಮ್ಮನಿಗೆ ಮಂಡಿ ನೋವು, ಅಪ್ಪ ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ಪದೇ ಪದೇ ಹೋಗುವವರು ನಿಜ ಹೇಳಿ, ಅಲ್ಲಿ ಸುಖ ಜಾಸ್ತಿಯೋ ಕಾಟ ಜಾಸ್ತಿಯೋ ಅಂತ ಕೇಳಿದ್ದೀರಿ. ನಾನು ಮೈಸೂರಿನವಳು, ಕುವೆಂಪುನಗರ. ಕೆಲಸದಿಂದ ನಿವೃತ್ತಳಾದ ಮೇಲೆ ನನಗೂ ನಮ್ಮಕ್ಕನಿಗೂ ಈ ಹಡಗಿನ ಹುಚ್ಚು ಹಿಡಿದಿದೆ. ಅಕ್ಕನಿಗೂ ಮಂಡಿ ನೋವು, ಅದಕ್ಕೇ ಉತ್ತರ ಬರೆಯಲು ಕೂತೆ.

ಕಳಿಸಿ. ಮಂಡಿ ನೋವಿನವರಿಗೆ ಇದಕ್ಕಿಂತ ಸುಲಭದ ಪ್ರವಾಸವನ್ನು ನಾನು ಕಂಡಿಲ್ಲ. ಬಸ್ಸಿನ ಟೂರಿನಲ್ಲಿ ದಿನಾ ಬೆಳಿಗ್ಗೆ ಸೂಟ್‌ಕೇಸ್ ತುಂಬಬೇಕು, ರಾತ್ರಿ ಇನ್ನೊಂದು ಹೋಟೆಲಿನಲ್ಲಿ ಬಿಚ್ಚಬೇಕು. ಇಲ್ಲಿ ಒಂದೇ ಸಲ ಬಟ್ಟೆಯನ್ನು ಬೀರುವಿಗೆ ಜೋಡಿಸಿದರೆ ಮುಗಿಯಿತು. ನಾವು ಮಲಗಿರುವಾಗ ಹಡಗು ಇನ್ನೊಂದು ಊರಿಗೆ ಹೋಗಿರುತ್ತದೆ. ಇಳಿಯಲು ಮನಸ್ಸಿಲ್ಲದಿದ್ದರೆ ಇಳಿಯಬೇಡಿ, ಯಾರೂ ಕೇಳುವುದಿಲ್ಲ. ಎಲ್ಲರೂ ಊರು ನೋಡಲು ಹೋದ ದಿನ ಖಾಲಿ ಡೆಕ್ಕಿನಲ್ಲಿ ಕಾಲು ಚಾಚಿ ಕೂತರೆ ಸಿಗುವ ನೆಮ್ಮದಿಗೇ ಅರ್ಧ ದುಡ್ಡು ಕೊಡಬಹುದು.

ಹೋಗದವರಿಗೆಲ್ಲ ಸಮುದ್ರದ ಭಯ. ನನ್ನ ಲೆಕ್ಕದಲ್ಲಿ ಸಮುದ್ರ ಕೊಡುವ ತೊಂದರೆ ಕಡಿಮೆ. ಕಾಟ ಕೊಡುವುದು ಕ್ಯಾಬಿನ್ ಇರುವ ಜಾಗ, ಸುತ್ತಲಿನ ಜನ, ಕೊನೆಯ ಬಿಲ್ಲು. ದೊಡ್ಡ ಹಡಗುಗಳಿಗೆ ನೀರಿನೊಳಗೆ ಎರಡೂ ಬದಿಗೆ ರೆಕ್ಕೆಗಳಿರುತ್ತವೆ. ಎಡಕ್ಕೂ ಬಲಕ್ಕೂ ತೂಗುವುದನ್ನು ಅವು ಬಹಳ ಮಟ್ಟಿಗೆ ತಡೆಯುತ್ತವೆ. ಹಿಂದಕ್ಕೂ ಮುಂದಕ್ಕೂ ಏಳುಬೀಳಾಗುವುದನ್ನು ತಡೆಯಲಾರವು. ಸಿಂಗಾಪುರದಿಂದ ಪೆನಾಂಗ್, ಫುಕೆಟ್ ಕಡೆಗೆ ಹೋಗುವ ಹಡಗು ಮಲಾಕ್ಕಾ ಜಲಸಂಧಿಯಲ್ಲಿ ಸಾಗುತ್ತದೆ. ಒಂದು ಕಡೆ ಸುಮಾತ್ರಾ, ಇನ್ನೊಂದು ಕಡೆ ಮಲೇಷ್ಯಾ ಅಡ್ಡ ಇರುವುದರಿಂದ ಅಲ್ಲಿ ಅಲೆ ಸಾಮಾನ್ಯವಾಗಿ ಕಡಿಮೆ. ಮುಂಗಾರಿನ ಅರಬ್ಬಿ ಸಮುದ್ರದ ಮಾತೇ ಬೇರೆ, ಆಗ ಆ ಕಡೆ ತಲೆ ಹಾಕಬೇಡಿ. ವಾಂತಿ ಮಾತ್ರೆಯನ್ನು ತಲೆ ಸುತ್ತಿದ ಮೇಲೆ ನುಂಗಿದರೆ ಹೆಚ್ಚು ಪ್ರಯೋಜನವಿಲ್ಲ, ಮುಂಚೆಯೇ ನುಂಗಬೇಕು. ವಯಸ್ಸಾದವರು, ಬೇರೆ ಔಷಧಿ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿಯೇ ನುಂಗಲಿ.

ಈಗ ಕ್ಯಾಬಿನ್ ವಿಷಯ. ಎಲ್ಲರೂ ಕೇಳುವುದು ಬಾಲ್ಕನಿ ಬೇಕಾ, ಕಿಟಕಿ ಸಾಕಾ ಅಂತ. ಅದಕ್ಕಿಂತ ದೊಡ್ಡ ಪ್ರಶ್ನೆ, ನಿಮ್ಮ ತಲೆಯ ಮೇಲೆ ಏನಿದೆ, ಕಾಲ ಕೆಳಗೆ ಏನಿದೆ? ಈಜುಕೊಳದ ಡೆಕ್ಕಿನ ಕೆಳಗೆ ಕ್ಯಾಬಿನ್ ಸಿಕ್ಕರೆ ಬೆಳಗಿನ ಜಾವವೇ ಕುರ್ಚಿ ಎಳೆಯುವ ಕರಕರ ಶುರು. ನಮಗೆ ಒಮ್ಮೆ ಹಾಗೇ ಆಯಿತು. ಅಕ್ಕ ದಿಂಬಿನ ಕೆಳಗೆ ತಲೆ ಇಟ್ಟುಕೊಂಡೇ ಸುಪ್ರಭಾತ ಕೇಳಿದಳು. ಥಿಯೇಟರ್, ಡಿಸ್ಕೋ ಇವುಗಳ ಮೇಲಿನ ಕ್ಯಾಬಿನ್ನಿಗೆ ರಾತ್ರಿ ಹನ್ನೆರಡರವರೆಗೂ ಡಮ್ ಡಮ್. ಕ್ಯಾಸಿನೋ ಹತ್ತಿರವಾದರೆ ಸಿಗರೇಟಿನ ವಾಸನೆ. ತೀರಾ ಮುಂದಿನ ಕ್ಯಾಬಿನ್ನಾದರೆ ಲಂಗರು ಬಿಡುವ ಸರಪಳಿ ಸದ್ದಿಗೆ ಹಾಸಿಗೆಯಿಂದ ಎದ್ದು ಕೂರುತ್ತೀರಿ. ಹಡಗಿನ ನಕ್ಷೆ ಕಂಪನಿಯ ವೆಬ್‌ಸೈಟಿನಲ್ಲೇ ಇರುತ್ತದೆ. ಮೇಲೂ ಕ್ಯಾಬಿನ್, ಕೆಳಗೂ ಕ್ಯಾಬಿನ್ ಇರುವ ಡೆಕ್ ಹುಡುಕಿ. ಉದ್ದದಲ್ಲಿ ನಡುಭಾಗ, ಎತ್ತರದಲ್ಲಿ ಸ್ವಲ್ಪ ಕೆಳಗಿನ ಡೆಕ್. ತೂಗಾಟವೂ ಅಲ್ಲೇ ಕಡಿಮೆ. ಲಿಫ್ಟಿಗೆ ಹತ್ತಿರ ಇರಲಿ, ಅದಕ್ಕೆ ಅಂಟಿಕೊಂಡು ಬೇಡ. ಅಮ್ಮನಿಗಾಗಿ ಇದು ಮುಖ್ಯ, ಯಾಕೆಂದರೆ ಈಗಿನ ದೊಡ್ಡ ಹಡಗುಗಳು ಮುನ್ನೂರು ಮೀಟರ್ ದಾಟುತ್ತವೆ. 2024ರಲ್ಲಿ ಯಾತ್ರೆ ಶುರು ಮಾಡಿದ ಐಕಾನ್ ಆಫ್ ದಿ ಸೀಸ್ ಸುಮಾರು 365 ಮೀಟರ್ ಉದ್ದ. ಟೈಟಾನಿಕ್ ಇದ್ದದ್ದು 269. ಊಟಕ್ಕೆ ಹೋಗಿ ಬರುವುದೇ ಒಂದು ವಾಕಿಂಗ್.

‘ಗ್ಯಾರಂಟಿ ಕ್ಯಾಬಿನ್’ ಅಂತ ಕಡಿಮೆ ದರದ ಟಿಕೆಟ್ ತೋರಿಸುತ್ತಾರೆ. ಗ್ಯಾರಂಟಿ ಇರುವುದು ಕ್ಯಾಬಿನ್ನಿನ ದರ್ಜೆಗೆ ಮಾತ್ರ, ಜಾಗಕ್ಕಲ್ಲ. ಎಲ್ಲಿ ಕೊಡಬೇಕು ಅನ್ನುವುದು ಕಂಪನಿಯ ಇಷ್ಟ. ಹುಡುಗರಿಗೆ ಸರಿ, ನಿಮ್ಮ ಅಪ್ಪ-ಅಮ್ಮನಿಗೆ ಬೇಡ.

ಬಾತ್‌ರೂಮ್ ಬಗ್ಗೆ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಬಹಳ ಹಡಗುಗಳಲ್ಲಿ ಕಮೋಡ್ ಪಕ್ಕ ನಲ್ಲಿಯೂ ಇಲ್ಲ, ಜೆಟ್ ಸ್ಪ್ರೇಯೂ ಇಲ್ಲ. ಬರೀ ಪೇಪರ್. ಒಂದು ಪ್ಲಾಸ್ಟಿಕ್ ಮಗ್ ಸೂಟ್‌ಕೇಸಿನಲ್ಲಿ ಹಾಕಿ ಕಳಿಸಿ, ನಾಚಿಕೆ ಬೇಡ. ಶವರ್ ಜಾಗ ಇಕ್ಕಟ್ಟು, ಒಳಗೆ ಹೋಗಲು ಒಂದು ಕಟ್ಟೆ ದಾಟಬೇಕು. ಫ್ಲಶ್ ಮಾಡಿದರೆ ವಿಮಾನದಲ್ಲಿ ಬರುತ್ತದಲ್ಲ, ಅದೇ ಸದ್ದು. ಎಸಿ ಎಲ್ಲ ಕಡೆಯೂ ಕೊರೆಯುತ್ತದೆ, ಶಾಲು-ಸ್ವೆಟರ್ ಇರಲಿ.

ಊಟಕ್ಕೆ ಅಪ್ಪ ಹೆದರಬೇಕಾಗಿಲ್ಲ. ಬುಕ್ ಮಾಡುವಾಗಲೇ ಇಂಡಿಯನ್ ವೆಜಿಟೇರಿಯನ್ ಅಂತ ಬರೆಸಿ. ಮೊದಲ ರಾತ್ರಿಯೇ ಡೈನಿಂಗ್ ಹಾಲಿನ ಹೆಡ್ ವೇಟರನ್ನು ಕಂಡು ಮಾತಾಡಲಿ. ಅಡುಗೆಮನೆಯಲ್ಲೋ ಬಡಿಸುವವರಲ್ಲೋ ನಮ್ಮ ದೇಶದ ಹುಡುಗರು ಸಿಗುತ್ತಾರೆ. ಮಂಗಳೂರು ಕಡೆಯ ಹುಡುಗನೊಬ್ಬ ನಾವು ಕನ್ನಡ ಮಾತಾಡುವುದು ಕೇಳಿ, ಮರುದಿನದಿಂದ ನಾವು ಕೇಳದೆಯೇ ಅನ್ನ, ದಾಲ್ ತಂದಿಡುತ್ತಿದ್ದ. ಬೆಳಗಿನ ಬಫೆಯಲ್ಲಿ ಸಪ್ಪೆ ಮೊಸರು ಇಟ್ಟಿರುತ್ತಾರೆ, ಮೊಸರನ್ನಕ್ಕೆ ಅದು ಸಾಕು. ಫಿಲ್ಟರ್ ಕಾಫಿಯ ಆಸೆ ಬಿಡಬೇಕು. ಕೆಟಲ್, ಇಸ್ತ್ರಿ ಪೆಟ್ಟಿಗೆ ಒಯ್ದರೆ ಬೆಂಕಿಯ ಭಯಕ್ಕೆ ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ. ಫ್ಲಾಸ್ಕ್ ಇದ್ದರೆ ಬಫೆಯಲ್ಲಿ ಬಿಸಿನೀರು ತುಂಬಿಸಿಕೊಳ್ಳಬಹುದು. ಮನೆಯಲ್ಲಿ ಮಾಡಿದ ಚಟ್ನಿಪುಡಿ, ಕೋಡುಬಳೆಗೆ ಸಾಮಾನ್ಯವಾಗಿ ಬಿಡುವುದಿಲ್ಲ. ಅಂಗಡಿಯ ಸೀಲ್ ಒಡೆಯದ ಪ್ಯಾಕೆಟ್ ಆದರೆ ನಡೆಯುತ್ತದೆ.

ಒಂದು ಮಾತು, ಬಫೆಗೆ ಹೋಗುವ ಮುಂಚೆ ಸೋಪಿನಿಂದ ಕೈ ತೊಳೆಯಲಿ. ಬಾಗಿಲಲ್ಲಿ ಹಿಂಡುವ ಸ್ಯಾನಿಟೈಸರ್ ಸಾಲದು. ಹಡಗುಗಳಲ್ಲಿ ವಾಂತಿ-ಭೇದಿ ಹರಡುವ ನೊರೋವೈರಸ್ ಅದಕ್ಕೆ ಸುಲಭವಾಗಿ ಬಗ್ಗುವುದಿಲ್ಲ.

ಜನ! ಬೆಳಿಗ್ಗೆ ಎಂಟೂವರೆಗೆ ಬಫೆ ಅಂದರೆ ಜಂಬೂಸವಾರಿ ದಿನದ ಸಯ್ಯಾಜಿರಾವ್ ರಸ್ತೆ. ಏಳಕ್ಕೆ ಹೋಗಿ ಅಥವಾ ಡೈನಿಂಗ್ ಹಾಲಿನಲ್ಲಿ ಕೂತು ತಿನ್ನಿ, ಅಲ್ಲಿ ಬಡಿಸುತ್ತಾರೆ. ಈಜುಕೊಳದ ಪಕ್ಕದ ಕುರ್ಚಿಗಳಿಗೆ ಬೆಳಿಗ್ಗೆಯೇ ಟವಲ್ ಹಾಸಿ ಹೋದವರು ಮಧ್ಯಾಹ್ನದವರೆಗೂ ಪತ್ತೆ ಇರುವುದಿಲ್ಲ. ನಮ್ಮ ಬಸ್ಸಿನಲ್ಲಿ ಕಿಟಕಿಯಿಂದ ಕರ್ಚೀಫ್ ಹಾಕುವವರನ್ನು ಸುಮ್ನೆ ಬೈಯುತ್ತೇವೆ, ಇದು ಎಲ್ಲ ದೇಶದವರ ರೋಗ. ರಾತ್ರಿ ಒಂದು ಗಂಟೆಗೆ ಕಾರಿಡಾರಿನಲ್ಲಿ ಕೂಗಾಡುವ ವಿಷಯದಲ್ಲಿ ಮಾತ್ರ ನಮ್ಮವರದ್ದೇ ಮೊದಲ ನಂಬರ್. ಕಂಪನಿಗಳು ಡೀಲರುಗಳನ್ನು ಗುಂಪಾಗಿ ಕರೆತರುವ ಯಾತ್ರೆ ಸಿಕ್ಕರೆ ನಿದ್ದೆ ಕಷ್ಟ. ಶೋ, ಆಟಗಳ ಬಗ್ಗೆ ನಾನು ಹೇಳುವುದೇನಿಲ್ಲ, ಇರುತ್ತವೆ.

ಹತ್ತಿದ ದಿನ ಲೈಫ್ ಜಾಕೆಟ್ ಡ್ರಿಲ್ ಇರುತ್ತದೆ. ಜನ ಗೊಣಗುತ್ತಾರೆ, ನೀವು ಗೊಣಗಬೇಡಿ. 2012ರಲ್ಲಿ ಇಟಲಿಯ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು 32 ಜನ ಸತ್ತರು. ಅಂದು ಸಂಜೆಯಷ್ಟೇ ಹತ್ತಿದ್ದ ನೂರಾರು ಜನಕ್ಕೆ ಡ್ರಿಲ್ ಆಗಿರಲೇ ಇಲ್ಲ. ಆಮೇಲೆ ನಿಯಮ ಬಿಗಿಯಾಯಿತು.

ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ‘ಎಲ್ಲಾ ಸೇರಿದೆ’ ಅಂದರೆ ಎಲ್ಲಾ ಸೇರಿರುವುದಿಲ್ಲ. ಟಿಪ್ಸ್ ದಿನಕ್ಕೆ, ತಲೆಗೆ ಲೆಕ್ಕ ಹಾಕಿ ಖಾತೆಗೆ ಏರುತ್ತದೆ. ಎಷ್ಟು ಅನ್ನುವುದನ್ನು ಬುಕ್ ಮಾಡುವಾಗಲೇ ಕೇಳಿ. ವೈಫೈ ಬೇರೆ, ಒಳ್ಳೆ ಕಾಫಿ ಬೇರೆ, ಫೋಟೋ ಬೇರೆ. ಫೋನ್ ಏರ್‌ಪ್ಲೇನ್ ಮೋಡಿನಲ್ಲೇ ಇರಲಿ. ನಡು ಸಮುದ್ರದಲ್ಲಿ ಹಡಗಿನ ನೆಟ್‌ವರ್ಕ್ ಹಿಡಿದರೆ ರೋಮಿಂಗ್ ಬಿಲ್ ಕಣ್ಣೀರು ತರಿಸುತ್ತದೆ. ಹಡಗಿನ ಡಾಕ್ಟರ್ ಫೀಸೂ ಡಾಲರಿನಲ್ಲೇ, ಆದ್ದರಿಂದ ಟ್ರಾವೆಲ್ ಇನ್ಶೂರೆನ್ಸ್ ಬಿಡಬೇಡಿ.

ಬಂದರುಗಳಲ್ಲಿ ಪೆನಾಂಗ್ ಅವರಿಗೆ ಹೇಳಿ ಮಾಡಿಸಿದ ಹಾಗಿದೆ. ಹಡಗು ನಿಲ್ಲುವುದು ಜಾರ್ಜ್‌ಟೌನ್ ಊರಿನ ಅಂಚಿನಲ್ಲೇ. ಲಿಟಲ್ ಇಂಡಿಯಾ ಹತ್ತಿರ, 1833ರ ಮಾರಿಯಮ್ಮನ ಗುಡಿ ಇದೆ, ಇಡ್ಲಿ-ದೋಸೆ ಸಿಗುತ್ತದೆ. ಹಡಗಿನವರ ದುಬಾರಿ ಟೂರ್ ಬೇಕಾಗಿಲ್ಲ. ಕೌಲಾಲಂಪುರ ಅಂತ ಬರೆದಿದ್ದರೆ ಹಡಗು ನಿಲ್ಲುವುದು ಪೋರ್ಟ್ ಕ್ಲಾಂಗಿನಲ್ಲಿ, ಊರು ಅಲ್ಲಿಂದ ಸುಮಾರು 40 ಕಿಲೋಮೀಟರ್. ಫುಕೆಟ್‌ನ ಪಟಾಂಗ್‌ನಲ್ಲಿ ಹಡಗು ದೂರ ನಿಂತು ಸಣ್ಣ ದೋಣಿಯಲ್ಲಿ ದಡಕ್ಕೆ ಒಯ್ಯುತ್ತಾರೆ. ಅಲುಗಾಡುವ ದೋಣಿಗೆ ಕಾಲಿಡುವುದು ಅಮ್ಮನಿಗೆ ಕಷ್ಟ. ಆ ದಿನ ಅವರು ಡೆಕ್ಕಿನಲ್ಲೇ ಇರಲಿ.

ಸಿಂಗಾಪುರ ವೀಸಾ ಎರಡು ಸಲ ಒಳಗೆ ಬಿಡುವಂಥದ್ದಾ ಅಂತ ನೋಡಿ, ಯಾಕೆಂದರೆ ಹಡಗು ತಿರುಗಿ ಅಲ್ಲಿಗೇ ಬರುತ್ತದೆ. ಹಿಂದಿನ ದಿನವೇ ಸಿಂಗಾಪುರ ಸೇರಲಿ, ವಿಮಾನ ತಡವಾದರೆ ಹಡಗು ಕಾಯುವುದಿಲ್ಲ. ಇನ್ನು ಕೊನೆಯ ರಾತ್ರಿ ದೊಡ್ಡ ಲಗೇಜನ್ನು ಬಾಗಿಲ ಹೊರಗೆ ಇಡಲು ಹೇಳುತ್ತಾರೆ, ಬೆಳಿಗ್ಗೆ ಅದು ಸಿಗುವುದು ಕೆಳಗೆ ಇಳಿದ ಮೇಲೆಯೇ. ಮಾತ್ರೆ, ಪಾಸ್‌ಪೋರ್ಟ್, ಒಂದು ಜೊತೆ ಬಟ್ಟೆ ಕೈಚೀಲದಲ್ಲಿ ಇಟ್ಟುಕೊಳ್ಳಲಿ. ಎಲ್ಲವನ್ನೂ ತುಂಬಿ ಕಳಿಸಿ, ಬೆಳಿಗ್ಗೆ ನೈಟ್ ಡ್ರೆಸ್ಸಿನಲ್ಲೇ ಇಮಿಗ್ರೇಷನ್ ಸಾಲಿನಲ್ಲಿ ನಿಂತವರನ್ನು ನಾವು ಕಂಡಿದ್ದೇವೆ.