ಕಿಡ್ನಿ ಗೆಡ್ಡೆ ದೊಡ್ಡ ರಕ್ತನಾಳದೊಳಗೆ ಹೋಗಿದ್ದರೆ ಆಪರೇಷನ್ನೇ ಬೇಕಾ, ಮಾತ್ರೆಯಲ್ಲಿ ಕರಗಿಸಬಹುದಾ?

ಕರಗಲ್ಲ. ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ನಾನು ಏಳು ವಾರ ಹಾಳು ಮಾಡಿದ್ದೇನೆ, ಅದಕ್ಕೇ ಇಷ್ಟು ಖಡಕ್ಕಾಗಿ ಹೇಳುತ್ತಿದ್ದೇನೆ.

ಅಪ್ಪನಿಗೆ ಮೂತ್ರದಲ್ಲಿ ರಕ್ತ ಬಂತು. ಸ್ಕ್ಯಾನ್ ಮಾಡಿಸಿದರೆ ಬಲ ಕಿಡ್ನಿಯಲ್ಲಿ ಗೆಡ್ಡೆ. ಅದು ಕಿಡ್ನಿಯ ಸಿರೆ ದಾಟಿ ಐವಿಸಿಗೆ, ಅಂದರೆ ಕಾಲು, ಹೊಟ್ಟೆಯ ರಕ್ತವನ್ನು ಹೃದಯಕ್ಕೆ ಒಯ್ಯುವ ದೊಡ್ಡ ಸಿರೆಗೆ, ಎರಡು ಸೆಂಟಿಮೀಟರ್ ಚಾಚಿಕೊಂಡಿತ್ತು. ರಿಪೋರ್ಟಿನಲ್ಲಿ 'ಟ್ಯೂಮರ್ ಥ್ರಾಂಬಸ್' ಅಂತ ಇತ್ತು.

ನನ್ನ ಕಣ್ಣಿಗೆ ಬಿದ್ದದ್ದು ಥ್ರಾಂಬಸ್ ಒಂದೇ. ಥ್ರಾಂಬಸ್ ಅಂದರೆ ಹೆಪ್ಪುಗಟ್ಟಿದ ರಕ್ತ ಅಲ್ವಾ? ಆಪರೇಷನ್ ತನಕ ಇರಲಿ ಅಂತ ಡಾಕ್ಟರು ರಕ್ತ ತೆಳು ಮಾಡುವ ಮಾತ್ರೆ ಬೇರೆ ಕೊಟ್ಟಿದ್ದರು. ಸರಿ, ಮೊದಲು ಇದು ಕರಗಲಿ, ಆಮೇಲೆ ಕಿಡ್ನಿ ತೆಗೆಸಿದರಾಯಿತು ಅಂತ ನಾನೇ ಲೆಕ್ಕ ಹಾಕಿದೆ. 'ಟ್ಯೂಮರ್' ಅನ್ನೋ ಪದ ಪಕ್ಕದಲ್ಲೇ ಇತ್ತು! ಅದು ಗೆಡ್ಡೆಯೇ. ಬಳ್ಳಿಯ ಕುಡಿ ಪೈಪಿನೊಳಗೆ ನುಗ್ಗಿದ ಹಾಗೆ. ಸುತ್ತ ಒಂದಿಷ್ಟು ನಿಜವಾದ ಹೆಪ್ಪೂ ಸೇರಿಕೊಳ್ಳಬಹುದು, ಮಾತ್ರೆ ಇರುವುದು ಅದಕ್ಕೆ. ಕುಡಿಗೆ ಅದು ಏನೂ ಮಾಡಲ್ಲ. ಡಾಕ್ಟರನ್ನು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ. ಅಪ್ಪನಿಗೂ ಆಪರೇಷನ್ ಮುಂದೆ ಹೋದರೆ ಸಾಕಾಗಿತ್ತು, ತಕ್ಷಣ ಒಪ್ಪಿದರು.

ಏಳು ವಾರದ ಮೇಲೆ ಎಂಆರ್‌ಐ ಮಾಡಿಸಿದಾಗ ಕುಡಿ ಲಿವರ್ ಹಿಂದಕ್ಕೆ ಏರಿತ್ತು. ಮೊದಲೇ ಆಗಿದ್ದರೆ ಲಿವರ್ ಕೆಳಗೆ ಸಿರೆಗೆ ಕ್ಲಾಂಪ್ ಹಾಕಿ, ಸೀಳಿ, ಕಿಡ್ನಿ ಜೊತೆಗೇ ಕುಡಿಯನ್ನೂ ಎಳೆದು, ಹೊಲಿಯುವ ಕೆಲಸ. ಈಗ ಲಿವರನ್ನೇ ಬಿಡಿಸಿ ಪಕ್ಕಕ್ಕೆ ಹೊರಳಿಸಬೇಕಾಯಿತು. ಯೂರಾಲಜಿಸ್ಟ್ ಜೊತೆ ಲಿವರ್ ಸರ್ಜನ್ ಸೇರಿದರು. ಹೃದಯದ ಸರ್ಜನ್, ಹೃದಯ-ಶ್ವಾಸಕೋಶದ ಕೆಲಸವನ್ನು ತಾತ್ಕಾಲಿಕವಾಗಿ ಮಾಡುವ ಹಾರ್ಟ್-ಲಂಗ್ ಮಷಿನ್ ಸಜ್ಜು ಮಾಡಿಕೊಂಡು ಕಾದರು. (ಇಂಥ ಕುಡಿ ಹೃದಯದ ಬಲ ಕೋಣೆಯವರೆಗೂ ಏರುವುದುಂಟಂತೆ.) ಒಂಬತ್ತು ಗಂಟೆ ಹಿಡಿಯಿತು. ಉಳಿದ ಕಿಡ್ನಿ ಸೋತು ಮೂರು ವಾರ ಡಯಾಲಿಸಿಸ್ ಮಾಡಿಸಿದೆವು. ಅಪ್ಪ ಇದ್ದಾರೆ, ಆದರೆ ಆ ಮೂರು ವಾರ ನನ್ನ ಲೆಕ್ಕಕ್ಕೇ ಸೇರಿದ್ದು.

ಹಾಗಾಗಿ 'ಆಪರೇಷನ್ನಾ, ಮಾತ್ರೆಯಾ' ಅನ್ನೋ ಪ್ರಶ್ನೆ ಬಿಡಿ. ಎಲ್ಲಿವರೆಗೆ ಏರಿದೆ, ಸಿರೆಯ ಗೋಡೆಗೆ ಅಂಟಿದೆಯಾ ಅಥವಾ ಸುಮ್ನೆ ಒಳಗೆ ತೇಲುತ್ತಿದೆಯಾ, ಬೇರೆ ಕಡೆ ಹರಡಿದೆಯಾ, ಇದನ್ನು ಕೇಳಿ. ಹರಡಿದ್ದರೆ ಔಷಧಿಯ ಮಾತು ಬರಬಹುದು, ಅದೂ ಕ್ಯಾನ್ಸರಿನ ಔಷಧಿ. ಗೋಡೆಗೆ ಅಂಟಿದ್ದರೂ ಆ ಭಾಗ ಕತ್ತರಿಸಿ ತೇಪೆ ಹಾಕುತ್ತಾರೆ.

ಯಾರಾದರೂ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಗೆಡ್ಡೆಯ ಕಥೆ ಹೇಳಿ 'ರಕ್ತನಾಳ ಅಂದರೆ ಮುಗೀತು' ಅಂದರೆ ಹೆದರಬೇಡಿ. ಅಲ್ಲಿ ಗೆಡ್ಡೆ ಹೊರಗಿನಿಂದ ಅಪಧಮನಿಯನ್ನು ಸುತ್ತಿಕೊಳ್ಳುತ್ತದೆ. ಅರ್ಧ ಸುತ್ತು ದಾಟಿದರೆ ಸಾಮಾನ್ಯವಾಗಿ ಮೊದಲು ಕೀಮೋ. ಇದು ಸಿರೆಯ ಒಳಗೆ ಬೆಳೆಯುವ ಗೆಡ್ಡೆ, ಲೆಕ್ಕವೇ ಬೇರೆ.

ಸ್ಕ್ಯಾನ್ ಎರಡು ವಾರಕ್ಕಿಂತ ಹಳೆಯದಾಗಿದ್ದರೆ ಮತ್ತೆ ಮಾಡಬೇಕಾ ಅಂತ ನೀವೇ ಬಾಯಿಬಿಟ್ಟು ಕೇಳಿ. ರಿಪೋರ್ಟ್ ಹಾಳೆ ಜೊತೆ ಸ್ಕ್ಯಾನ್ ಚಿತ್ರಗಳಿರುವ ಸಿಡಿಯನ್ನೂ ಒಯ್ಯಿರಿ.